ಬೇಲಿ ದಾಟಿದ ಪೈಪು

ಕಡೂರು ತಾಲ್ಲೂಕಿನಲ್ಲಿ ಪಂಚನಹಳ್ಳಿಯಿಂದ ಸ್ವಲ್ಪ ಒಳಗಿರುವ ಹಳ್ಳಿ ನಮ್ಮದು. ನಾನು ಊರಿನ ಮಹಿಳಾ ಸಂಘದ ಕಾರ್ಯದರ್ಶಿ. ಈ ಕೆಲಸಕ್ಕೆ ನಿಂತ ಹೊಸದರಲ್ಲಿ ನಾನು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಮನೆಮನೆಗೆ ಹೋಗಿ ಸೌದೆ ಒಲೆ ಒಡೆಸಿದ್ದು. ಅದಾಗಿ ಎಂಟೊಂಬತ್ತು ವರ್ಷವಾಯಿತು. ಆಗ ನನಗೆ ಎಲ್ಲವೂ ಸ್ಪಷ್ಟವಾಗಿ ಗೊತ್ತಿತ್ತು. ಈಗ ಅಷ್ಟು ಗೊತ್ತಿಲ್ಲ.

ಆ ವರ್ಷ ಕಡೂರಿನಲ್ಲಿ ನಮಗೆಲ್ಲ ಎರಡು ದಿನದ ತರಬೇತಿ ಕೊಟ್ಟಿದ್ದರು. ಒಲೆಯ ಹೊಗೆ ಹೆಂಗಸರ ಎದೆಯನ್ನು ಹೇಗೆ ತಿನ್ನುತ್ತದೆ ಅಂತ ಚಿತ್ರ ತೋರಿಸಿದರು. ನನ್ನ ತಾಯಿ ಒಲೆ ಮುಂದೆ ಕೂತು ಕೆಮ್ಮಿಕೊಂಡೇ ಮುದುಕಿಯಾದವಳು. ಆ ಚಿತ್ರ ನೋಡಿ ನನಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ. ಊರಿಗೆ ಬಂದವಳೇ ಸಂಘದಲ್ಲಿ ತೀರ್ಮಾನ ಮಾಡಿಸಿದೆ. ಗ್ಯಾಸ್ ತಗೊಂಡವರು ಸೌದೆ ಒಲೆ ಒಡೆಯಬೇಕು, ಇಲ್ಲದಿದ್ದರೆ ಗ್ಯಾಸ್ ಸ್ಟೌವ್ ಅಟ್ಟ ಸೇರಿ ಅಡುಗೆ ಮತ್ತೆ ಹೊಗೆಯಲ್ಲೇ ನಡೆಯುತ್ತದೆ ಅಂತ. ಎಲ್ಲರೂ ಒಪ್ಪಿದರು. ಒಡೆದರು ಕೂಡ. ಉಳಿದದ್ದು ನಮ್ಮ ಹಿತ್ತಲಿನ ಬೇಲಿಯಾಚೆಗಿನ ಮನೆ.

ಆ ಮನೆಯ ಅಜ್ಜಿಯ ವಿಷಯ ಹೇಳುವ ಮೊದಲು ನಮ್ಮ ವಿಷಯ ಒಂದು ಮಾತು. ನಾವು ಇರುವುದು ಕಾಲೋನಿಯಲ್ಲಿ, ನಾನು ಹುಟ್ಟಿ ಬೆಳೆದ ಮನೆಯಲ್ಲೇ. ನಾನು ಮಿಡ್ಲ್ ಸ್ಕೂಲಿನಲ್ಲಿರುವಾಗಲೇ ನಮ್ಮಪ್ಪ ಮನೆಯಲ್ಲಿ ಬುದ್ಧನ ಪಟ ತಂದು ಹಾಕಿದ. ಅವತ್ತಿಂದ ನಾವು ಬೌದ್ಧರು. ನಮ್ಮಮ್ಮ ಮಾತ್ರ ಬೇಲಿಯಾಚೆಯ ಅಜ್ಜಿಯ ತೋಟದಲ್ಲಿ, ಕಣದಲ್ಲಿ ಕೆಲಸ ಮಾಡಿಕೊಂಡೇ ಬಂದಳು. ಅವಳು ಆಕೆಯನ್ನು ಕರೆಯುತ್ತಿದ್ದದ್ದು ‘ಅಮ್ಮಾರೇ’ ಅಂತ. ಊಟ, ಕಾಫಿ ಎಲ್ಲ ಜಗಲಿ ಮೇಲೆ, ನಮ್ಮವರಿಗೆ ಅಂತ ಇಟ್ಟ ತಟ್ಟೆ ಲೋಟದಲ್ಲಿ. ನಾನು ಶಾಲೆ ಓದಿದವಳು, ‘ಅಜ್ಜಿ’ ಅನ್ನುತ್ತಿದ್ದೆ. ಆಕೆ ಅದಕ್ಕೆ ಬೇಸರವನ್ನೂ ತೋರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ.

ಒಲೆಯ ಮಾತಿಗೆ ಹೋದಾಗ ಅಜ್ಜಿ ಜಗಲಿ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು.

“ನಾನೇನು ಮರ ಕಡಿತೀನೇನೇ?” ಅಂದರು. “ಬಿದ್ದ ಗರಿ, ಬಿದ್ದ ಮಟ್ಟೆ, ಒಡೆದ ಚಿಪ್ಪು. ತೋಟದಾಗೆ ಬಿದ್ದದ್ದನ್ನ ಒಲೆಗೆ ಇಡ್ದೆ ಎಲ್ಲಿಗೆ ಹಾಕ್ಲಿ?”

“ಹೊಗೆ ಅಜ್ಜಿ. ಹೊಗೆ ಎದೆಗೆ ಕೆಟ್ಟದ್ದು.”

“ಈ ಎದೆಗೆ ಎಪ್ಪತ್ತು ವರ್ಷ ಆಯ್ತು ಕಣೇ.”

ಅಷ್ಟರಲ್ಲಿ ಅಜ್ಜಿಯ ಸೊಸೆ ಬಾಗಿಲಿಗೆ ಬಂದು ನಿಂತಳು. ಅವಳು ನನ್ನ ವಾರಿಗೆಯವಳು. ಕಣ್ಣು ಕೆಂಪಾಗಿತ್ತು. “ಅತ್ತೆ, ನಂಗೆ ಉಸಿರು ಕಟ್ತದೆ ಅಂತ ಎಷ್ಟು ಸಲ ಹೇಳಿದೀನಿ. ನನ್ನ ಮಾತು ಕೇಳಲ್ಲ, ಇವ್ರ ಮಾತಾದ್ರೂ ಕೇಳಿ,” ಅಂದಳು.

ಅಜ್ಜಿ ಇನ್ನೊಂದು ಗರಿ ಪೂರ್ತಿ ಸೀಳಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ನೋಡಿ, “ಸರಿ. ನೀನೇ ಒಡಿ. ನನ್ನ ಕೈಲಿ ಆಗಲ್ಲ,” ಅಂದರು.

ಸೊಸೆ ಒಳಗಿಂದ ಹಾರೆ ತಂದು ನನ್ನ ಕೈಗೆ ಕೊಟ್ಟಳು. ನಾನು ಹೊಸಿಲಿನಾಚೆ ನಿಂತೇ ಇದ್ದೆ. ನಮ್ಮಮ್ಮ ಜೀವಮಾನ ಪೂರ್ತಿ ದುಡಿದ ಮನೆ ಅದು. ಅವಳು ಒಂದು ದಿನವೂ ಆ ಹೊಸಿಲು ದಾಟಿದವಳಲ್ಲ. ಅಜ್ಜಿ ‘ನೀನೇ ಒಡಿ’ ಅಂದಾಗ ಅಡುಗೆಮನೆಗೆ ನಾನೇ ಹೋಗಬೇಕಾಗುತ್ತದೆ ಅಂತ ಯೋಚಿಸಿ ಅಂದರೋ, ಬೇಸರದಲ್ಲಿ ಬಾಯಿಗೆ ಬಂದದ್ದು ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೊಸೆ “ಬನ್ನಿ” ಅಂದಳು. ಹೋದೆ.

ಒಳಗೆ ಕತ್ತಲು. ಕೆಮ್ಮಣ್ಣು ಸಾರಿಸಿ ಎಳೆ ರಂಗೋಲಿ ಬಿಟ್ಟ ಜೋಡಿ ಒಲೆ. ಅದನ್ನು ನೋಡಿ ನನ್ನ ಕೈ ಹಿಂದೆ ಹೋಯಿತು, ಆದರೂ ಒಡೆದೆ. ಮಣ್ಣಿನ ಹೆಂಟೆಗಳನ್ನು ಅಜ್ಜಿ ತಾವೇ ಬುಟ್ಟಿಗೆ ತುಂಬಿಕೊಂಡು ಹೋಗಿ ಒಂದು ತೆಂಗಿನ ಬುಡಕ್ಕೆ ಸುರಿದು ಬಂದರು. ನಾನು ಒಳಗೆ ಹೋಗಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟರು. ಸ್ಟೀಲ್ ಲೋಟ. ನಮ್ಮವರಿಗೆ ಅಂತ ಇಟ್ಟ ಲೋಟವೋ, ಒಳಗಿನ ಲೋಟವೋ ಅಂತ ನೋಡಬೇಕಿತ್ತು. ಗಾಬರಿಯಲ್ಲಿ ನೋಡದೆ ಕುಡಿದುಬಿಟ್ಟೆ.

ಹೀಗೆ ನಮ್ಮೂರು ಹೊಗೆ ಇಲ್ಲದ ಊರಾಯಿತು. ಬಚ್ಚಲ ಹಂಡೆ ಒಲೆಗಳು ಉಳಿದಿದ್ದವು, ಅವನ್ನು ಯಾರೂ ಎಣಿಸಲಿಲ್ಲ.

ಎರಡು ವರ್ಷದ ಹಿಂದೆ ಮತ್ತೆ ತರಬೇತಿ ಬಂತು, ಈ ಸಲ ತರೀಕೆರೆಯಲ್ಲಿ. ಕಡೂರು, ಅಜ್ಜಂಪುರದ ಕಡೆಯ ಸಂಘದವರೂ ಇದ್ದರು. ತರಬೇತಿ ಕೊಟ್ಟ ಮೇಡಂ ಪರದೆ ಮೇಲೆ ಒಂದು ಸಿಲಿಂಡರಿನ ಚಿತ್ರ ಹಾಕಿ, “ಇದರೊಳಗಿರೋದು ಎಲ್ಲಿಂದ ಬರುತ್ತೆ?” ಅಂತ ಕೇಳಿದರು. ಯಾರೋ “ಕಡೂರಿನ ಗೋಡೌನಿಂದ” ಅಂದರು, ಎಲ್ಲರೂ ನಕ್ಕರು. ಮೇಡಂ ನಗುತ್ತಲೇ ಭೂಮಿಯೊಳಗಿನ ಎಣ್ಣೆ, ಕಲ್ಲಿದ್ದಲು, ಕೋಟ್ಯಂತರ ವರ್ಷದ ಹಿಂದೆ ಹೂತುಹೋದ ಜೀವಿಗಳು, ಗಿಡಮರ ಅಂತ ವಿವರಿಸಿದರು. ಅದನ್ನು ಉರಿಸಿದಷ್ಟೂ ಗಾಳಿ ಕೆಡುತ್ತದೆ, ಬಿಸಿಲು ಏರುತ್ತದೆ, ಮಳೆ ದಾರಿ ತಪ್ಪುತ್ತದೆ. ಆದ್ದರಿಂದ ಊರೂರಲ್ಲಿ ಸಿಲಿಂಡರ್ ಕಡಿಮೆ ಮಾಡಬೇಕು. ಗೋಬರ್ ಗ್ಯಾಸ್, ಸೋಲಾರ್, ಚಿಮಣಿ ಇರುವ ಸುಧಾರಿತ ಒಲೆ, ಕುಕ್ಕರ್ ಬಳಕೆ, ಇವುಗಳಲ್ಲಿ ನಮ್ಮ ಊರಿಗೆ ಯಾವುದು ಆಗುತ್ತದೋ ನಾವೇ ಆರಿಸಿಕೊಳ್ಳಬೇಕು.

ನಾನು ಎದ್ದು ನಿಂತೆ. “ಮೇಡಂ, ಹಾಗಾದ್ರೆ ನಾವು ಅವತ್ತು ಒಲೆ ಒಡೆಸಿದ್ದು ತಪ್ಪಾ?”

“ತಪ್ಪಲ್ಲಮ್ಮ. ಹೊಗೆ ನಿಜವಾಗಿಯೂ ಕೆಟ್ಟದ್ದೇ. ಅವತ್ತಿಗೆ ಅದು ಸರಿ. ಇದು ಅದರ ಮುಂದಿನದು.”

ಅದನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಳ್ಳುವಾಗ ಅರ್ಥವಾದ ಹಾಗಿತ್ತು. ಬೀರೂರು ದಾಟಿ ಬಸ್ಸು ಕಡೂರಿನ ಕಡೆ ತಿರುಗುವ ಹೊತ್ತಿಗೆ ಏನೂ ಅರ್ಥವಾಗಿಲ್ಲ ಅನ್ನಿಸಿತು. ಅಜ್ಜಿ ಬಿದ್ದ ಗರಿ ಉರಿಸುತ್ತಿದ್ದರು. ಅದು ತೋಟದಲ್ಲೇ ಬೆಳೆದದ್ದು, ಭೂಮಿಯೊಳಗಿಂದ ತೆಗೆದದ್ದಲ್ಲ. ಅದನ್ನು ಬಿಡಿಸಿ ಭೂಮಿಯೊಳಗಿನದನ್ನು ಉರಿಸಲು ಕಲಿಸಿದವಳು ನಾನು. ಸೊಸೆಯ ಉಸಿರು ಕಟ್ಟುತ್ತಿದ್ದದ್ದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಹೋದರೆ ಒಂದು ಜಾರುತ್ತಿತ್ತು.

ಮಾರನೆಯ ದಿನ ಮೊದಲು ಆ ಮನೆಗೇ ಹೋದೆ. ಸಿಲಿಂಡರ್ ಬದಲು ಗೋಬರ್ ಗ್ಯಾಸ್ ಮಾಡೋಣ ಅಂತ ಹೇಳಲು ಸಿದ್ಧಮಾಡಿಕೊಂಡಿದ್ದೆಲ್ಲ ಹಿಂದುಮುಂದಾಗಿ ಹೊರಗೆ ಬಂತು. ಅಜ್ಜಿ ಪೂರ್ತಿ ಕೇಳಿದರು.

“ಅವತ್ತು ಒಲೆ ಕೆಟ್ಟದ್ದು ಅಂದೆ. ಇವತ್ತು ಸಿಲಿಂಡರ್ ಕೆಟ್ಟದ್ದು ಅಂತೀಯ. ಇನ್ನೊಂದಿನ ಸೆಗಣೀನೂ ಕೆಟ್ಟದ್ದು ಅಂತ ಬತ್ತೀಯ?”

“ಗೊತ್ತಿಲ್ಲ ಅಜ್ಜಿ.”

“ಗೊತ್ತಿಲ್ಲ ಅಂದ್ಯಲ್ಲ, ಅದು ವಾಸಿ. ಅವತ್ತು ಎಲ್ಲಾ ಗೊತ್ತಿರೋಳಂಗೆ ಬಂದಿದ್ದೆ.” ಆಮೇಲೆ ಮಂಡಿ ನೀವಿಕೊಳ್ಳುತ್ತಾ, “ನೋಡವ್ವ, ನಂಗೆ ಈಗ ನಿಂತ್ಕೊಂಡು ಅಡ್ಗೆ ಮಾಡಿ ರೂಢಿ ಆಗೈತೆ. ನೆಲಕ್ಕೆ ಕೂತ್ರೆ ಏಳಕ್ಕಾಗಲ್ಲ. ನಿಂತ್ಕೊಂಡು ಮಾಡೋದು ಏನಿದ್ರೂ ತಾ,” ಅಂದರು.

ಅಂದರೆ ಒಲೆ ಹೋಯಿತು ಅಂತ ಆಕೆಗೆ ಕೋಪವಿಲ್ಲ. ನಾನು ಇಷ್ಟು ವರ್ಷ ಕೋಪ ಇದೆ ಅಂದುಕೊಂಡು ಬಗ್ಗಿ ನಡೆದಿದ್ದೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಜ್ಜಿ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದರೆ ನಾನು ಹೊತ್ತುಕೊಂಡಿದ್ದು ಏನನ್ನು ಅಂತ ಯೋಚನೆಯಾಯಿತು.

ಗೋಬರ್ ಗ್ಯಾಸ್ ನಮ್ಮ ಕಡೆ ಹೊಸದೇನಲ್ಲ. ಹಿಂದೆ ಕೆಲವರು ಮಾಡಿಸಿ, ಗುಂಡಿ ಬಿರುಕು ಬಿಟ್ಟು, ಕಸ ತುಂಬಿಸಿ ಮುಚ್ಚಿದ್ದರು. ಅದಕ್ಕೇ ನಡೆಯುತ್ತಿರುವುದನ್ನು ಮೊದಲು ನೋಡಿ ಬನ್ನಿ ಅಂತ ಮೇಡಂ ಹೇಳಿದ್ದರು. ಶಿವನಿ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಹೋದರೆ ಒಂದು ಹಳ್ಳಿಯಲ್ಲಿ ಎರಡು ಮೂರು ಮನೆ ಸೇರಿ ಒಂದೊಂದು ಗುಂಡಿ ಮಾಡಿಕೊಂಡಿದ್ದಾರೆ ಅಂತ ತಿಳಿಯಿತು. ಸಂಘದಿಂದ ಹೊರಟವರು ನಾವಿಬ್ಬರೇ, ನಾನು ಮತ್ತು ಅಜ್ಜಿಯ ಸೊಸೆ.

ರೈಲಿನಲ್ಲಿ ಪಕ್ಕಪಕ್ಕ ಕೂತೆವು. ಅಜ್ಜಂಪುರ ಬರುವ ಮೊದಲೇ ಅವಳು ಡಬ್ಬಿ ಬಿಚ್ಚಿ ಚಿತ್ರಾನ್ನವನ್ನು ಮುಚ್ಚಳಕ್ಕೆ ಹಾಕಿ ನನಗೆ ಕೊಟ್ಟಳು. ನನ್ನ ಡಬ್ಬಿಯ ಚಪಾತಿಯನ್ನು ಕೇಳದೆಯೇ ಮುರಿದು ತಿಂದಳು. “ಪಲ್ಯ ಚೆನ್ನಾಗೈತೆ, ಏನು ಹಾಕಿದ್ರಿ?” ಅಂತ ಕೇಳಿದಳು. ಇದೆಲ್ಲ ಎಷ್ಟು ಸಲೀಸಾಗಿ ಆಯಿತು ಅಂದರೆ, ಶಿವನಿಯಲ್ಲಿ ಇಳಿದ ಮೇಲೆ ನೆನಪಿಸಿಕೊಂಡು ನಾನೇ ಬೆಚ್ಚಿದೆ. ಊರಿನಲ್ಲಿ ಬೇಲಿಯ ಎರಡು ಕಡೆ ಎಷ್ಟೋ ವರ್ಷ ಇದ್ದರೂ ಅವಳು ನಮ್ಮನೆಯ ನೀರು ಮುಟ್ಟಿದವಳಲ್ಲ.

ಆ ಹಳ್ಳಿಯ ಹೆಂಗಸರು ನಮಗೆ ಎಲ್ಲ ತೋರಿಸಿದರು. ಸೆಗಣಿಯನ್ನು ಎಷ್ಟು ನೀರಿಗೆ ಕಲಸಬೇಕು, ಹುಲ್ಲು ಕಡ್ಡಿ ಹೇಗೆ ಆರಿಸಬೇಕು, ಹೊರಗೆ ಬರುವ ಬಗ್ಗಡವನ್ನು ತೋಟಕ್ಕೆ ಹೇಗೆ ಬಿಡಬೇಕು. ಅಲ್ಲಿ ಮೂರು ಮನೆಗೆ ಒಂದೇ ಗುಂಡಿಯಿಂದ ಪೈಪು ಹೋಗಿತ್ತು. ಆ ಮೂರು ಮನೆಯವರು ಯಾವ ಜನ ಅಂತ ಕೇಳುವುದು ನನ್ನ ನಾಲಿಗೆ ತುದಿಯವರೆಗೆ ಬಂದು ನಿಂತಿತು. ಸೊಸೆಯೂ ಕೇಳಲಿಲ್ಲ.

ನಮ್ಮೂರಲ್ಲಿ ಮೂರು ಕಡೆ ಗುಂಡಿ ಅಂತ ಸಂಘದಲ್ಲಿ ತೀರ್ಮಾನವಾಯಿತು. ಅದರಲ್ಲಿ ಒಂದು ನಮ್ಮ ಮನೆ, ಅಜ್ಜಿಯ ಮನೆ ಎರಡಕ್ಕೂ ಸೇರಿ. ನಮ್ಮ ಮನೆಯಲ್ಲಿರುವುದು ಎರಡು ಹಸು, ಅಷ್ಟು ಸೆಗಣಿ ಸಾಲದು. ಅಜ್ಜಿಯ ಕೊಟ್ಟಿಗೆಯಲ್ಲಿ ನಾಲ್ಕಿದ್ದವು. ಗುಂಡಿ ಕಟ್ಟುವ ಗಾರೆಯವರು ಬಂದು ಎರಡು ಕಡೆಯ ಜಾಗವನ್ನೂ ನೋಡಿದರು. ಅಜ್ಜಿಯ ಹಿತ್ತಲಲ್ಲಿ ತೆಂಗಿನ ಬೇರು, ನೆರಳು. ಗುಂಡಿಗೆ ಬಿಸಿಲು ಬೇಕು. ಕೊನೆಗೆ ಅವರು ಕಾಲಿಟ್ಟು ತೋರಿಸಿದ ಜಾಗ ನಮ್ಮ ಹಿತ್ತಲು, ಬೇಲಿಗೆ ಒತ್ತಿಕೊಂಡು.

ಅಜ್ಜಿಯ ಮಗ ಅಲ್ಲೇ ನಿಂತಿದ್ದರು. “ಜಾಗ ಚೆನ್ನಾಗೈತೆ. ಸೆಗಣಿ ಎಷ್ಟು ಬೇಕಾದ್ರೂ ತಗೊಳ್ಳಿ. ಪೈಪು ಮಾತ್ರ ನಮ್ಮನೆಗೆ ಬ್ಯಾಡ,” ಅಂದರು.

“ಯಾಕಣ್ಣ?” ಅಂದೆ.

“ಅಷ್ಟು ದೂರಕ್ಕೆ ಪ್ರೆಶರ್ ಬರಲ್ಲ.”

“ಬತ್ತದೆ ಕಣ್ರೀ,” ಅಂದರು ಗಾರೆಯವರು. “ಇದೇನು ದೂರ?”

“ಹೆಗ್ಗಣ ಪೈಪ್ ಕಡಿತವೆ.”

“ಮಣ್ಣೊಳಗೆ ಆಳಕ್ಕೆ ಹಾಕ್ತೀವಿ.”

“ನೋಡಾಣ,” ಅಂತ ಅವರು ಹೊರಟುಹೋದರು.

ನನ್ನ ಗಂಡ ಆಮೇಲೆ ಕೇಳಿದ, “ನಿಂಗೆ ಅರ್ಥ ಆಗ್ಲಿಲ್ವಾ?”

ನನಗೆ ನಿಜವಾಗಿ ಆಗಿರಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ. ನನ್ನ ಗಂಡ ತೆಂಗಿನ ಮರದಿಂದ ಬಿದ್ದಾಗ ಯಾರನ್ನೂ ಕಾಯದೆ ತಮ್ಮ ಗಾಡಿಯಲ್ಲಿ ಮಲಗಿಸಿಕೊಂಡು ಕಡೂರಿನ ಆಸ್ಪತ್ರೆಗೆ ಓಡಿದವರು ಅವರೇ. ಅವನ ತಲೆಯನ್ನು ದಾರಿಯುದ್ದಕ್ಕೂ ಆ ಮನೆಯ ಸೊಸೆಯೇ ಹಿಡಿದುಕೊಂಡಿದ್ದಳು. ನಮ್ಮ ಹಿತ್ತಲಿಂದ ಬಂದ ಬೆಂಕಿಯಲ್ಲಿ ಅನ್ನ ಬೇಯಿಸುವುದು ಬೇಡ ಅನ್ನುವುದಾಗಿದ್ದರೆ, ಅವತ್ತಿನದನ್ನು ಏನೆನ್ನುವುದು? ಪ್ರೆಶರ್ ಬರುವುದಿಲ್ಲ ಅಂತಲೇ ಅವರು ನಿಜವಾಗಿ ನಂಬಿದ್ದರೆ, ನಾನು ಬೇರೆ ಅರ್ಥ ಹುಡುಕುವುದು ನನ್ನದೇ ತಪ್ಪಲ್ಲವೇ? ಗಂಡನಿಗೆ ಇದನ್ನೆಲ್ಲ ಹೇಳಿದೆ. “ನೀನು ಹಿಂಗೇ ಯೋಚ್ನೆ ಮಾಡ್ತಾ ಕೂತ್ಕೊ,” ಅಂತ ನಕ್ಕ. ಅವನು ನಗುವಷ್ಟು ಖಚಿತವಾಗಿರುವುದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಗುಂಡಿ ಸಿದ್ಧವಾಯಿತು. ಸೊಸೆ ದಿನಾ ಬೆಳಿಗ್ಗೆ ಸೆಗಣಿ ಬುಟ್ಟಿ ತಂದು ಬೇಲಿ ಹತ್ತಿರ ಇಡುವಳು, ನಾನು ಈ ಕಡೆಯಿಂದ ಎತ್ತಿಕೊಂಡು ಕಲಸಿ ಬಿಡುವೆ. ಗ್ಯಾಸ್ ಅವರಿಗೆ ಬೇಡ, ಸೆಗಣಿ ಮಾತ್ರ ಅವರದು. ಇದು ಸರಿಯಲ್ಲ ಅಂತ ನಾನು ಹೇಳಿದರೆ ಅವಳು, “ಬಗ್ಗಡ ನಮ್ಮ ತೋಟಕ್ಕೆ ಬಿಡ್ತೀರಲ್ಲ, ಆಯ್ತು,” ಅನ್ನುತ್ತಿದ್ದಳು. ಒಂದು ತಿಂಗಳಿಗೆ ಮೊದಲ ಸಲ ಸ್ಟೌವ್ ಹಚ್ಚಿದೆವು. ಬುಸ್ ಅಂತ ಗಾಳಿ ಬಂತು, ಹತ್ತಲಿಲ್ಲ. ಒಂದೆರಡು ದಿನ ಹಾಗೇ ಬಿಟ್ಟು ಮತ್ತೆ ಹಚ್ಚಿದಾಗ ನೀಲಿ ಉರಿ ನಿಂತಿತು. ಅವತ್ತು ನಾನು ಸಿಲಿಂಡರಿನ ಮೂತಿ ಮುಚ್ಚಿ ಪಕ್ಕಕ್ಕೆ ಸರಿಸಿದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಹತ್ತರ ಹೊತ್ತು. ಅಂಗಳದಲ್ಲಿ ಸದ್ದಾಯಿತು ಅಂತ ನೋಡಿದರೆ ಅಜ್ಜಿ. ಕೋಲೂರಿಕೊಂಡು ಸುತ್ತು ಹಾಕಿ ಕಾಲೋನಿ ಬೀದಿಯಲ್ಲೇ ಬಂದಿದ್ದರು. ಒಂದು ಕೈಯಲ್ಲಿ ಮುಚ್ಚಳ ಹಾಕಿದ ಹಿತ್ತಾಳೆ ಚೊಂಬು. ನಮ್ಮನೆಗೆ ಆಕೆ ಬಂದದ್ದು ಅದೇ ಮೊದಲು. ಕೂತುಕೊಳ್ಳಿ ಅನ್ನುವುದನ್ನೂ ಮರೆತು ನಿಂತುಬಿಟ್ಟೆ.

“ಉರಿ ತೋರ್ಸು,” ಅಂದರು.

ಒಳಗೆ ಕರೆದುಕೊಂಡು ಹೋದೆ. ಬುದ್ಧನ ಪಟದ ಮುಂದೆ ಹಾದು ಅಡುಗೆಮನೆಗೆ ಬಂದರು. ಸ್ಟೌವ್ ಹಚ್ಚಿದೆ. ಬಗ್ಗಿ ನೋಡಿ ಮೂಸಿದರು.

“ವಾಸ್ನೆ ಇಲ್ವಲ್ಲ.”

“ಇಲ್ಲ ಅಜ್ಜಿ.”

ಆಗ ಚೊಂಬಿನ ಮುಚ್ಚಳ ತೆಗೆದರು. ಒಳಗೆ ಹಾಲು, ಅವರ ಕೊಟ್ಟಿಗೆಯದು. ಚೊಂಬನ್ನೇ ಉರಿ ಮೇಲೆ ಇಟ್ಟರು. ಹಾಲು ಉಕ್ಕುವ ತನಕ ಕಣ್ಣು ಕೀಳದೆ ನಿಂತಿದ್ದರು. ಉಕ್ಕಿ ಅಂಚಿಗೆ ಬಂದಾಗ ನಾನು ಆರಿಸಿದೆ. ಸೆರಗಿನಲ್ಲಿ ಚೊಂಬು ಹಿಡಿದು ಕೆಳಗಿಳಿಸಿ ಮುಚ್ಚಳ ಹಾಕಿದರು.

“ಕಾಫಿ ಮಾಡ್ಲಾ ಅಜ್ಜಿ?” ಅಂದೆ.

“ಬ್ಯಾಡ ಕಣವ್ವ. ಈಗಿನ್ನೂ ಕುಡ್ದು ಬಂದೆ.”

ಚೊಂಬು ಹಿಡಿದುಕೊಂಡು ಬಂದ ದಾರಿಯಲ್ಲೇ ಹೊರಟರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, “ಬೆಳಕು ಚೆನ್ನಾಗೈತೆ ನಿನ್ನ ಅಡ್ಗೆಮನೇಲಿ,” ಅಂದರು.

ನಾನು ಎಷ್ಟೋ ದಿನ ಆ ಹಾಲಿನ ಬಗ್ಗೆಯೇ ಯೋಚಿಸಿದೆ. ನಮ್ಮನೆಯ ಒಂದು ಲೋಟ ಕಾಫಿ ಕುಡಿಯಲಿಲ್ಲ. ಪಾತ್ರೆಯೂ ಅವರದೇ, ಹಾಲೂ ಅವರದೇ. ಆದರೆ ನಮ್ಮ ಉರಿಯಲ್ಲಿ ಕಾಯಿಸಿದ ಹಾಲನ್ನು ಮನೆಗೆ ಒಯ್ದರು. ಕುಡಿದರೋ, ಕರುವಿಗೆ ಹಾಕಿದರೋ? ಒಂದು ಸಲ ಸೊಸೆಯನ್ನು ಕೇಳಿಯೂ ಬಿಟ್ಟೆ. “ನಾನು ಅವತ್ತು ತೋಟದಲ್ಲಿದ್ದೆ ಕಣ್ರೀ,” ಅಂದಳು. ಅವಳ ಮುಖ ನೋಡಿದರೆ ಸುಳ್ಳು ಹೇಳುವ ಹಾಗೆ ಕಾಣಲಿಲ್ಲ.

ದಸರಾ ಕಳೆದ ಮೇಲೆ ಒಂದು ದಿನ ಬೇಲಿ ಹತ್ತಿರ ಗುದ್ದಲಿ ಸದ್ದು. ಅಜ್ಜಿಯ ಮಗ ತಾವೇ ಕಾಲುವೆ ತೋಡುತ್ತಿದ್ದರು, ಅವರ ಅಡುಗೆಮನೆ ಕಡೆಯಿಂದ ನಮ್ಮ ಗುಂಡಿಯ ಕಡೆಗೆ. ಬೇಲಿಯ ಕಳ್ಳಿಯನ್ನು ಒಂದು ಮೊಳದಷ್ಟು ಕಡಿದು ದಾರಿ ಮಾಡಿದ್ದರು.

“ಏನಣ್ಣ, ಪ್ರೆಶರ್?” ಅಂದೆ.

“ನೋಡಾಣ ಅಂದಿದ್ನಲ್ಲ,” ಅಂದರು. ಬೆವರು ಒರೆಸಿಕೊಂಡು ಮತ್ತೆ ತೋಡಿದರು. ನನ್ನ ಗಂಡನೂ ಹೋಗಿ ಒಂದು ಗುದ್ದಲಿ ಹಿಡಿದ. ಇಬ್ಬರೂ ಮಾತಾಡಿದ್ದು ಕೊಬ್ಬರಿ ರೇಟು, ನುಸಿ ಬಿದ್ದ ಕಾಯಿ. ಸಾಯಂಕಾಲದೊಳಗೆ ಪೈಪು ಮಣ್ಣಿನೊಳಗೆ ಸೇರಿತ್ತು. ಮನಸ್ಸು ಬದಲಾಯಿಸಿದ್ದು ಅಜ್ಜಿಯೋ, ಸೊಸೆಯೋ, ಖಾಲಿಯಾದ ಸಿಲಿಂಡರೋ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ‘ನೋಡಾಣ’ ಅನ್ನುತ್ತಾರೋ ಅಂತ ಹೆದರಿಕೆಯಿತ್ತು.

ಈಗ ಒಂದು ಗುಂಡಿ, ಎರಡು ಅಡುಗೆಮನೆ. ಇಬ್ಬರೂ ಒಟ್ಟಿಗೆ ಹಚ್ಚಿದರೆ ಉರಿ ಸಣ್ಣದಾಗುತ್ತದೆ, ಆದ್ದರಿಂದ ಬೆಳಿಗ್ಗೆ ಅವರು ಮೊದಲು, ಆಮೇಲೆ ನಾವು. ರಾತ್ರಿಯ ಅಡುಗೆಗೆ ನಾವು ಮೊದಲು. ತಮ್ಮದು ಮುಗಿದ ಕೂಡಲೇ ಸೊಸೆ ಹಿತ್ತಲಿಗೆ ಬಂದು “ಆಯ್ತು” ಅಂತ ಕೂಗುತ್ತಾಳೆ. ಆಷಾಢದ ಗಾಳಿ ಮೋಡದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ, ಆಗ ಎರಡು ಮನೆಯಲ್ಲೂ ಸಿಲಿಂಡರೇ ಗತಿ. ಉಳಿದ ದಿನಗಳಲ್ಲಿ ಅದನ್ನು ಮುಟ್ಟುವುದು ಅಪರೂಪ. ಊರಿನ ಉಳಿದ ಎರಡು ಗುಂಡಿಗಳಲ್ಲಿ ಒಂದು ಚೆನ್ನಾಗಿ ನಡೆಯುತ್ತಿದೆ. ಇನ್ನೊಂದು ಸೆಗಣಿ ಹಾಕುವ ಸರದಿಯ ಜಗಳದಲ್ಲಿ ನಿಂತಿದೆ. ಅವರೆಲ್ಲ ಒಂದೇ ಮನೆತನದ ಅಣ್ಣತಮ್ಮಂದಿರು. ಅದು ನಿಂತದ್ದು ಯಾಕೆ, ನಮ್ಮದು ನಡೆದದ್ದು ಯಾಕೆ ಅಂತ ಸಂಘದಲ್ಲಿ ಕೇಳುತ್ತಾರೆ. ನಾನು ನಮ್ಮ ಸರದಿಯ ಲೆಕ್ಕ ಹೇಳುತ್ತೇನೆ.

ಹೋದ ತಿಂಗಳು ಮೇಡಂ ಫೋನ್ ಮಾಡಿದ್ದರು. ಮುಂದಿನ ತರಬೇತಿ ಅಜ್ಜಂಪುರದಲ್ಲಂತೆ, ಸೋಲಾರ್ ವಿಷಯ. ನಿಮ್ಮ ಊರಿನ ಅನುಭವ ಹೇಳಬೇಕು, ಇನ್ನೊಬ್ಬರನ್ನೂ ಕರೆದುಕೊಂಡು ಬನ್ನಿ ಅಂದರು. ಸೊಸೆ ಬರುತ್ತೇನೆ ಅಂದಿದ್ದಾಳೆ. ಏನು ಹೇಳಬೇಕು ಅಂತ ಇಬ್ಬರೂ ಬೇಲಿ ಹತ್ತಿರ ನಿಂತು ಎರಡು ಮೂರು ಸಲ ಮಾತಾಡಿದೆವು. ಸೆಗಣಿ ಎಷ್ಟು, ನೀರು ಎಷ್ಟು ಅನ್ನುವುದನ್ನು ಅವಳು ಹೇಳುತ್ತಾಳಂತೆ. ಉಳಿದದ್ದು ನನಗೆ ಬಿಟ್ಟಿದ್ದಾಳೆ.